ಗಾಂಧಾರಕ್ಕೆ ಕೆಂಪು ಚೀಟಿ

ಕಳೆದ ಏಪ್ರಿಲ್ಲಿನಲ್ಲಿ ರಕ್ತಪರೀಕ್ಷೆಗೆಂದು ರಾಜಾಜಿನಗರಕ್ಕೆ ಹೋಗಿದ್ದೆ. ಅಡ್ಡರಸ್ತೆಯ ನಂಬರು ಓದಿದಾಗಲೇ ಸಣ್ಣದೊಂದು ಅನುಮಾನವಿತ್ತು. ಆಟೋ ಇಳಿದು ನೋಡಿದರೆ ಆ ಲ್ಯಾಬು ಇರುವುದು, ಒಂದು ಕಾಲಕ್ಕೆ ನಾವು ಹದಿನಾಲ್ಕು ವರ್ಷ ಬಾಡಿಗೆಗಿದ್ದ ಮನೆಯಲ್ಲೇ. ಅಡುಗೆಮನೆಯಿದ್ದಲ್ಲಿ ಈಗ ರಕ್ತ ತೆಗೆಯುತ್ತಾರೆ. ನಮ್ಮ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಊಟವಾಗಿ ಎರಡು ಗಂಟೆಯ ನಂತರದ ರಕ್ತವೇ ಬೇಕೆಂದು ಕಟ್ಟಪ್ಪಣೆಯಾಗಿದ್ದರಿಂದ, ಮೂರೂವರೆಯ ಹೊತ್ತಿಗೆ ನಾನು ಅಲ್ಲಿ ಒಂದು ಕುರ್ಚಿ ಹಿಡಿದು ಕೂತಿದ್ದೆ.

ಆಗ ಪಡುವಣ ಕಿಟಕಿಯಿಂದ ಬಿಸಿಲು ಒಳಗೆ ಇಳಿಯಿತು. ಕಂಬಿಗಳ ನೆರಳಿನ ಸಮೇತ ನೆಲದ ಮೇಲೆ ಒಂದು ಮಾರಿನಷ್ಟು ಉದ್ದ ಚಾಚಿಕೊಂಡು, ಯಾರ ಹಂಗೂ ಇಲ್ಲದೆ ಎದುರು ಗೋಡೆಯ ಕಡೆಗೆ ತೆವಳತೊಡಗಿತು. ಮನೆ ಬದಲಾಗಿದೆ, ನೆಲ ಬದಲಾಗಿದೆ, ನನ್ನ ಸಕ್ಕರೆ ಬದಲಾಗಿದೆ; ಆ ಬಿಸಿಲು ಮಾತ್ರ ಹಳೆಯ ಹೊತ್ತಿಗೆ ಹಳೆಯ ದಾರಿಯಲ್ಲೇ ಬಂತು. ಗೋಡೆ ಮುಟ್ಟುವ ಮೊದಲು ಅದು ಎಲ್ಲಿ ನಿಂತು ಏನು ಮಾಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕುರ್ಚಿ ಎತ್ತಿಕೊಂಡು ನೆರಳಿಗೆ ಸರಿದೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನಾನು ಆಗ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ನನ್ನ ಕೆಲಸವೆಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದು. ಯಂತ್ರದಿಂದ ಇಳಿದ ಬಿಡಿಭಾಗಗಳಿಗೆ ಅಳತೆಯ ಗೇಜು ಹಿಡಿದು ನೋಡಬೇಕು. ಸರಿಯಿದ್ದರೆ ಹಸಿರು ಚೀಟಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಚೀಟಿ. ಬೆಳಿಗ್ಗೆ ಆರರ ಪಾಳಿ. ನಾಲ್ಕೂಕಾಲಿಗೆ ಏಳುವುದು, ಐದರ ಬಸ್ಸು ಹಿಡಿಯುವುದು, ಮಧ್ಯಾಹ್ನ ಮೂರಕ್ಕೆ ಬೆವರಿನ ಮುದ್ದೆಯಾಗಿ ಮನೆ ಸೇರುವುದು. ಆ ವರ್ಷ ನನಗೆ ನೆನಪಿರುವ ಮುಖ್ಯ ಭಾವನೆಯೆಂದರೆ ನಿದ್ದೆ.

ನಮಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸುಮಿತ್ರ, ಹನ್ನೊಂದು ವರ್ಷ. ಚಿಕ್ಕವಳು ನಾಗರತ್ನ, ಎಂಟು. ನಮ್ಮ ಕಡೆಯ ರೂಢಿಯಂತೆ ತಂದೆಯಾದ ನನ್ನನ್ನು ಇಬ್ಬರೂ ಅಣ್ಣ ಎಂದೇ ಕರೆಯುತ್ತಿದ್ದರು. ನಾಗು ಬಾಯಿಪಾಠ ಕಲಿಯುತ್ತಿದ್ದಳು, ಅಂದರೆ ಹಾಡುತ್ತಿದ್ದಳು, ಸುಮಿಯದು ವೀಣೆ. ಮೂರು ರಸ್ತೆ ಆಚೆ ಇದ್ದ ಲಲಿತಮ್ಮ ಟೀಚರ್ ಇಬ್ಬರಿಗೂ ಗುರು. ಮಾತು ಕಡಿಮೆ, ಬೆಳ್ಳಿ ಕೂದಲು, ಪಾಠದ ಹೊತ್ತಿನಲ್ಲಿ ಕಾಫಿ ಕೊಟ್ಟರೆ ಮುಟ್ಟದ ಹೆಂಗಸು. ಸುಮಿಯ ಕಿವಿ ಒಳ್ಳೆಯದೆಂದು ಅವರಿಗೆ ಹೇಗೋ ಗೊತ್ತಾಗಿ, ತಮ್ಮ ಎರಡು ವೀಣೆಗಳಲ್ಲಿ ಒಂದನ್ನು ನಮ್ಮ ಮನೆಯಲ್ಲೇ ಇಟ್ಟಿದ್ದರು. ಆ ಕಿವಿಯ ವಿಷಯ ನನಗೆ ತಿಳಿಯದು. ನನಗೆ ತಿಳಿದದ್ದು, ಹುಡುಗಿ ಸದಾ ಏನಾದರೂ ಗುನುಗುತ್ತಿದ್ದಳು ಎಂಬುದು. ಸ್ನಾನಕ್ಕೆ ಹೋದರೆ ಗುನುಗು, ಹೂ ಕಟ್ಟುವಾಗ ಗುನುಗು, ಲೆಕ್ಕ ತಪ್ಪು ಮಾಡುವಾಗಲೂ ಗುನುಗು.

ಪರೀಕ್ಷೆ ಮುಗಿದು ಶಾಲೆಗಳಿಗೆ ರಜ ಬಿಟ್ಟ ವಾರವೇ ಲಲಿತಮ್ಮನವರು ಮಗಳ ಬಾಣಂತನಕ್ಕೆ ದಾವಣಗೆರೆಗೆ ಹೊರಟರು. ಎರಡು ತಿಂಗಳು ಪಾಠವಿಲ್ಲ. ಹೋಗುವ ಮುಂಚೆ ಮನೆಗೆ ಬಂದು ಒಂದು ನೋಟುಪುಸ್ತಕ ಕೊಟ್ಟರು. ದಿನಾ ಒಂದು ಗಂಟೆ ಅಭ್ಯಾಸ, ಯಾವ ದಿನ ಏನು, ಎಲ್ಲ ದುಂಡಗೆ ಬರೆದಿತ್ತು. ಅದರಲ್ಲಿ ಒಂದು ಸಾಲು: ‘ಸದ್ಯಕ್ಕೆ ಗಮಕ ಬೇಡ. ತಂತಿ ಎಳೆಯದೆ, ಸ್ವರ ನೇರವಾಗಿ ಬರಲಿ.’ ಈ ಸಾಲು ನೆನಪಿರಲಿ. ನನಗಂತೂ ಇನ್ನೂ ಮರೆತಿಲ್ಲ.

ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ನನಗೆ ಹೇಳಿದರು: “ಕೈ ಬಿಟ್ಟುಹೋಗದ ಹಾಗೆ ನೋಡ್ಕೊಳ್ಳಿ ಇವ್ರೇ. ಬಂದ ಮೇಲೆ ಕೂತು ಕೇಳ್ತೀನಿ. ಸರಿಯಾಗಿದ್ರೆ ಮುಂದಿನ ಪಾಠ, ವರ್ಣ ಶುರು ಮಾಡ್ತೀನಿ. ಇಲ್ಲಾಂದ್ರೆ ಪಾಪ, ಮತ್ತೆ ಮೊದಲಿಂದ.”

ನಂತರ ನನ್ನ ಹೆಂಡತಿ ಕಮಲಳಿಗೆ, ವೀಣೆ ಒಳಕೋಣೆಯಲ್ಲಿ ದೇವರ ಗೂಡಿನ ಪಕ್ಕದಲ್ಲೇ ಇರಲಿ, ಮೇಲೆ ಬಟ್ಟೆ ಹೊದಿಸಿರಿ ಎಂದರು. ಏಕೆ ಎಂದು ಹೇಳಲಿಲ್ಲ. ಹೇಳಬೇಕಾದ್ದಿದೆ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಹೀಗೆ ಸಂಗೀತದ ಗಂಧಗಾಳಿಯಿಲ್ಲದ ನಾನು ಎರಡು ತಿಂಗಳ ಮಟ್ಟಿಗೆ ಸಂಗೀತ ವಿಭಾಗದ ಮುಖ್ಯಸ್ಥನಾದೆ. ಅಧಿಕಾರ ಸ್ವೀಕರಿಸಿದ ದಿನವೇ ಮೂರು ಆಜ್ಞೆ ಹೊರಡಿಸಿದೆ. ಒಂದು, ಆ ವರ್ಷ ನಂಜನಗೂಡಿನ ಅಜ್ಜಿಯ ಮನೆಗೆ ಹೋಗುವುದು ರದ್ದು. ಹೋದರೆ ಅಭ್ಯಾಸ ಕೆಡುತ್ತದೆ. ನಾಗು ಒಂದು ಹೊತ್ತು ಊಟ ಬಿಟ್ಟಳು, ಕಮಲ ಎರಡು ದಿನ ಮಾತು ಬಿಟ್ಟಳು. ಎರಡು, ದಿನವೂ ನಾಲ್ಕರಿಂದ ಐದು ಅಭ್ಯಾಸ, ನನ್ನ ಕಣ್ಣೆದುರಿಗೇ. ಮೂರು, ವೀಣೆ ಹಾಲಿಗೆ ಬರತಕ್ಕದ್ದು.

ಈ ಮೂರನೆಯದಕ್ಕೆ ನನ್ನಲ್ಲಿ ತರ್ಕವಿತ್ತು. ದೇವರ ಗೂಡಿನ ಪಕ್ಕ ವೀಣೆ ಇಡುವುದು ಭಕ್ತಿ. ಭಕ್ತಿಗೆ ನನ್ನ ಆಕ್ಷೇಪಣೆಯಿರಲಿಲ್ಲ. ಆದರೆ ಅಭ್ಯಾಸಕ್ಕೆ ಅದರಿಂದ ಉಪಯೋಗವಿಲ್ಲ. ಒಳಗಿಂದ ಹೊತ್ತು ತರುವುದು, ಬಟ್ಟೆ ಬಿಚ್ಚುವುದು, ಮಡಿಸುವುದು, ಮತ್ತೆ ಹೊದಿಸುವುದು, ಇದರಲ್ಲೇ ಹತ್ತು ನಿಮಿಷ ಪೋಲು. ಹಾಲಿನಲ್ಲಿ ಕಿಟಕಿಯ ಎದುರು ಗೋಡೆಗೆ ಸೇರಿದಂತೆ ಒಂದು ಅಗಲವಾದ ಬೆಂಚಿತ್ತು. ಅದರ ಮೇಲೆ ಬಟ್ಟೆಯ ಗೊಡವೆಯಿಲ್ಲದೆ ವೀಣೆ ಇಟ್ಟರೆ ಹೋಗುತ್ತ ಬರುತ್ತ ಕಣ್ಣಿಗೆ ಬೀಳುತ್ತದೆ, ಕರ್ತವ್ಯ ನೆನಪಾಗುತ್ತದೆ.

“ಟೀಚರು ಒಳಗೇ ಇರ್ಲಿ ಅಂದಿದ್ರು ಕಣ್ರೀ,” ಎಂದಳು ಕಮಲ.

“ಸರಸ್ವತಿಗೂ ಒಂದಿಷ್ಟು ಗಾಳಿ ಬೆಳಕು ಬೇಡ್ವೇನೆ?” ಎಂದೆ. ಆ ಮಾತು ಆಗ ನನಗೆ ತುಂಬ ಚೆನ್ನಾಗಿ ಕಂಡಿತ್ತು.

ಇಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಇನ್‌ಸ್ಪೆಕ್ಷನ್ನಿನವನ ಕೈ ಸುಮ್ಮನಿರುವುದಿಲ್ಲ. ಕಾರ್ಖಾನೆಯಲ್ಲಿ ಹಳೆಯ ನಮೂನೆಯ ಚೀಟಿಗಳು ರದ್ದಿಗೆ ಹೋಗುತ್ತಿದ್ದವು. ಅವುಗಳಲ್ಲಿ ಎರಡು ಕಟ್ಟು ತಂದೆ. ದಿನದ ಅಭ್ಯಾಸ ಮುಗಿದ ಮೇಲೆ, ತೃಪ್ತಿಕರವಾಗಿದ್ದರೆ ವೀಣೆಯ ತಂತಿ ಬಿಗಿಸುವ ಬಿರಡೆಗೆ ಹಸಿರು ಚೀಟಿ. ಇಲ್ಲವಾದರೆ ಕೆಂಪು, ಅದರ ಮೇಲೆ ತಾರೀಖು ಮತ್ತು ದೋಷದ ವಿವರ. ನಾಗುವಿನ ಚೀಟಿ ನೇತಾಡಲು ಬಿರಡೆಯಿಲ್ಲದ್ದರಿಂದ ಅವಳ ಫ್ರಾಕಿನ ಗುಂಡಿಗೆ. ವಾರಕ್ಕೆ ಎರಡು ಕೆಂಪು ಬಂದರೆ ಭಾನುವಾರ ಬೀದಿಯ ಲಗೋರಿಗೆ ಹೋಗುವಂತಿಲ್ಲ.

ಮೊದಲ ವಾರ ಎಲ್ಲ ಹಸಿರೇ. ಆಮೇಲೆ ಬಿಸಿಲು ಏರಿತು. ಕಮಲ ತಾರಸಿಯ ಮೇಲೆ ಹಲಸಿನ ಹಪ್ಪಳ ಹರಡಿದರೆ ಸಂಜೆಯೊಳಗೆ ಗರಿಗರಿ. ಅಂಥ ಬಿಸಿಲನ್ನು ಅವಳು ಹಾಡಿ ಹೊಗಳುತ್ತಿದ್ದಳು. ನಾನು ಪಾಳಿ ಮುಗಿಸಿ ಬಂದು, ತಣ್ಣೀರು ಮೈಮೇಲೆ ಸುರಿದುಕೊಂಡು, ಪಂಚೆ ಉಟ್ಟು ಈಸಿಚೇರಿನಲ್ಲಿ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ನಿದ್ದೆ ಮತ್ತು ಮೇಲ್ವಿಚಾರಣೆ ಎರಡನ್ನೂ ಏಕಕಾಲಕ್ಕೆ ಮಾಡುವ ಕಲೆ ನನಗೆ ಆ ಬೇಸಿಗೆಯಲ್ಲೇ ಸಿದ್ಧಿಸಿದ್ದು. ಕಿವಿ ಒಂದೇ ಎಚ್ಚರ. ಸದ್ದು ನಿಂತರೆ ಕಣ್ಣು ತೆರೆಯುತ್ತಿದ್ದೆ. ಸದ್ದು ಇರುವವರೆಗೂ ಎಲ್ಲ ಸರಿಯಾಗಿದೆ ಎಂದರ್ಥ. ಮೂರೂವರೆಗೆ ಕಿಟಕಿಯಿಂದ ಇಳಿದ ಬಿಸಿಲು ನೆಲ ದಾಟಿ ಬೆಂಚು ಹತ್ತಿ ವೀಣೆಯ ದಂಡಿಯ ನಡುಭಾಗದ ಮೇಲೆ ಮಲಗುತ್ತಿತ್ತು. ದಂಡಿಯುದ್ದಕ್ಕೂ ಸ್ವರಕ್ಕೊಂದರಂತೆ ಕೂಡಿಸಿದ ಹಿತ್ತಾಳೆಯ ಮೆಟ್ಟಿಲುಗಳು ಹೊಳೆಯುತ್ತಿದ್ದವು. ಅರೆಗಣ್ಣಿನಲ್ಲಿ ನೋಡಲು ಬಹಳ ಸೊಗಸಾಗಿತ್ತು.

ಎರಡನೆಯ ವಾರದ ಕೊನೆಗೆ ಒಂದು ದಿನ ಕಣ್ಣು ತೆರೆದಾಗ ಸುಮಿ ತಂತಿ ಎಳೆಯುವುದು ಕಂಡಿತು. ಒಂದೇ ಒಂದು ಮೆಟ್ಟಿಲಿನ ಮೇಲೆ, ಬಂದಾಗಲೆಲ್ಲ, ಬೆರಳನ್ನು ಸ್ವಲ್ಪ ಪಕ್ಕಕ್ಕೆ ಜಗ್ಗಿ ಮುಂದೆ ಹೋಗುತ್ತಿದ್ದಳು. ನಾನು ನೋಟುಪುಸ್ತಕ ತೆರೆದೆ.

“ತಂತಿ ಎಳೆಯದೆ ಅಂತ ಬರೆದಿದೆಯಲ್ಲೇ. ನೀನು ಎಳೀತಿದೀಯ.”

“ಹಾಗೇ ಒತ್ತಿದ್ರೆ ಗಾಂಧಾರ ಸರಿಯಾಗಿ ಕೇಳಲ್ಲ ಅಣ್ಣ.”

“ಅದು ಗಾಂಧಾರದ ಮೆಟ್ಟಿಲು ತಾನೆ?”

“ಹೂಂ.”

“ಅಂದ ಮೇಲೆ ಅಲ್ಲಿ ಒತ್ತಿದ್ರೆ ಬರೋದು ಗಾಂಧಾರವೇ. ಬೇರೆ ಏನು ಬರೋಕೆ ಸಾಧ್ಯ?”

ಸುಮಿ ನಾಗುವನ್ನು ಕರೆದು ಸರಿಗಮ ಹಾಡಿಸಿದಳು. ಗ ಬಂದಾಗ ನಿಲ್ಲಿಸಿ, ಆ ಮೆಟ್ಟಿಲು ಒತ್ತಿ ಮೀಟಿ, ಎರಡೂ ಬೇರೆ ಬೇರೆ ಕೇಳುತ್ತಿವೆಯಲ್ಲ ಎಂದಳು. ನನಗೆ ಎರಡೂ ಒಂದೇ ಥರ ಕೇಳಿದವು. ಅದನ್ನು ಒಪ್ಪಿಕೊಳ್ಳುವುದು ಅಧಿಕಾರಿಗೆ ತರವಲ್ಲವಾದ್ದರಿಂದ, ಎಂಟು ವರ್ಷದ ಗಂಟಲಿಗಿಂತ ಹಿತ್ತಾಳೆಯ ಮೇಲೆ ನನಗೆ ನಂಬಿಕೆ ಜಾಸ್ತಿ ಎಂದೆ. ನಾಗು ಮೂಗು ಮುರಿದು, “ನನ್ನ ಗಂಟಲಿಗೂ ಒಂದು ಹಸಿರು ಚೀಟಿ ಅಂಟಿಸಿಬಿಡಿ ಮತ್ತೆ,” ಎಂದು ಹೇಳಿ ಬೀದಿಗೆ ಓಡಿದಳು. ನಾನು ಕೆಂಪು ಚೀಟಿ ತೆಗೆದು ಬರೆದೆ: ‘ತಂತಿ ಎಳೆದಿದೆ.’

ಮರುದಿನವೂ ಎಳೆದಳು. ಅದರ ಮರುದಿನವೂ. ಕೆಂಪು, ಕೆಂಪು. ಎರಡು ಭಾನುವಾರ ಲಗೋರಿ ತಪ್ಪಿತು. ಕಿಟಕಿಯ ಹೊರಗೆ ಮಕ್ಕಳ ಗಲಾಟೆ. ಒಳಗೆ ನಾನು, ನೋಟುಪುಸ್ತಕ, ಮತ್ತು ಕಣ್ಣು ಕೆಂಪಾದ ಹುಡುಗಿ. ಒಂದು ಸಂಜೆ ಅವಳು ಮೀಟುವುದನ್ನು ನಿಲ್ಲಿಸಿ ತಲೆ ನೋಯುತ್ತಿದೆ ಎಂದಳು. ಕಾರ್ಖಾನೆಯಲ್ಲೂ ಕೆಂಪು ಚೀಟಿ ಬಿದ್ದ ದಿನ ಎಷ್ಟೋ ಜನಕ್ಕೆ ತಲೆ ನೋಯುತ್ತದೆ ಎಂದು ನಾನು ಸಮಾಧಾನ ಹೇಳಿದೆ. ನನಗೂ ಆ ಹೊತ್ತಿಗೆ ಸಾಕಾಗಿತ್ತು. ಬೇರೆ ಮನೆಗಳ ತಂದೆಯರು ಸಂಜೆ ಗಾಳಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಒಂದು ಪಾಳಿ ಮುಗಿಸಿ ಬಂದು ಇನ್ನೊಂದು ಪಾಳಿ ಮಾಡುತ್ತಿದ್ದೆ. ಮಗಳಿಗಾಗಿಯೇ ಇದೆಲ್ಲ ಎಂಬುದು ಅವಳಿಗೆ ತಿಳಿಯುತ್ತಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ಕನಿಕರ.

ಮೇ ತಿಂಗಳ ಮೊದಲ ವಾರದಲ್ಲಿ ಒಂದು ದಿನ ಸುಮಿ ಎಳೆಯಲಿಲ್ಲ. ನೇರವಾಗಿ ಒತ್ತಿ, ನೇರವಾಗಿ ಮೀಟಿ, ನೇರವಾಗಿ ಮುಂದೆ ಹೋದಳು. ನಾನು ಎದ್ದು ನಿಂತು ಹಸಿರು ಚೀಟಿ ಕಟ್ಟಿದೆ. ಮುಂದೆ ತಿಂಗಳಿಡೀ ಹಸಿರು. ಬಿರಡೆಯಲ್ಲಿ ಜಾಗ ಸಾಲದೆ ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿದೆ, ಹಬ್ಬದ ತೋರಣದ ಹಾಗೆ. ಎದುರು ಮನೆಯ ಚೆನ್ನಪ್ಪನವರನ್ನು ಕರೆದು ತೋರಿಸಿದೆ ಕೂಡ. ಅವರು ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ಎಣಿಸಿ, ನಮ್ಮ ಮನೆ ಮಕ್ಕಳನ್ನೂ ನಿಮ್ಮ ಫ್ಯಾಕ್ಟರಿಗೆ ಸೇರಿಸಿಕೊಳ್ಳಿ ಸಾರ್ ಎಂದು ಗಂಭೀರವಾಗಿ ಹೇಳಿ ಹೋದರು.

ಆ ತಿಂಗಳು ನಮ್ಮ ಮನೆಯಲ್ಲಿ ಯಾರೂ ಸಂತೋಷವಾಗಿರಲಿಲ್ಲ. ಆದರೆ ಎಲ್ಲರೂ ಕ್ರಮಬದ್ಧವಾಗಿದ್ದೆವು.

ಒಂದು ಬೆಳಿಗ್ಗೆ, ರಜದ ದಿನ, ಕಮಲ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, “ಹುಡುಗಿ ಬಾಯಲ್ಲಿ ಹಾಡೇ ಇಲ್ಲ ಕಣ್ರೀ, ಗಮನಿಸಿದ್ರಾ?” ಎಂದಳು. ಸುಮಿ ಬಚ್ಚಲಲ್ಲಿದ್ದಳು. ನೀರು ಸುರಿದುಕೊಳ್ಳುವ ಸದ್ದು ಮಾತ್ರ ಬರುತ್ತಿತ್ತು. ದೊಡ್ಡವಳಾಗುತ್ತಿದ್ದಾಳೆ, ಗಾಂಭೀರ್ಯ ಬರುತ್ತಿದೆ ಎಂದೆ ನಾನು. ಕಮಲ ಮತ್ತೆ ಹೂ ಎತ್ತಿಕೊಂಡಳು.

ಜೂನ್ ಮೊದಲ ವಾರ ಲಲಿತಮ್ಮನವರು ಬಂದರು. ಊರಿಂದ ಬಂದ ಮರುದಿನವೇ, ನಾಲ್ಕು ಗಂಟೆಗೆ, ನಡೆದುಕೊಂಡು. ಬಾಗಿಲ ತೋರಣವನ್ನು ಒಮ್ಮೆ ನೋಡಿದರು, ಕೇಳಲಿಲ್ಲ. ಹಾಲಿನಲ್ಲಿ ವೀಣೆ ನೋಡಿದರು, ಆಗಲೂ ಕೇಳಲಿಲ್ಲ. ಚಾಪೆಯ ಮೇಲೆ ಕೂತು, “ನುಡಿಸಮ್ಮ,” ಎಂದರು.

ಸುಮಿ ನುಡಿಸಿದಳು. ಒಂದು ತಡವರಿಕೆಯಿಲ್ಲ, ಒಂದು ಎಳೆತವಿಲ್ಲ. ನಾನು ಹೆಮ್ಮೆಯಿಂದ ಈಸಿಚೇರಿನ ಅಂಚಿನಲ್ಲಿ ಕೂತಿದ್ದೆ. ಲಲಿತಮ್ಮನವರ ಮುಖ ಮೊದಲನೆಯ ಆವೃತ್ತಿಯಲ್ಲೇ ಬದಲಾಯಿತು. ಎರಡನೆಯದರಲ್ಲಿ ಕೈ ಎತ್ತಿ ನಿಲ್ಲಿಸಿದರು. ವೀಣೆಯನ್ನು ತಮ್ಮ ಕಡೆಗೆ ಎಳೆದುಕೊಂಡು ತಾವೇ ಮೀಟಿದರು. ಸ, ರಿ, ಗ. ಅಲ್ಲಿ ನಿಂತು ಮತ್ತೊಮ್ಮೆ ಗ. ಆಮೇಲೆ ಆ ಮೆಟ್ಟಿಲಿನ ಬುಡಕ್ಕೆ ಹೆಬ್ಬೆರಳಿನ ಉಗುರು ಒತ್ತಿದರು. ಅಲ್ಲಿ ಕರಿಯ ಮೇಣದಲ್ಲಿ ಉಗುರಿನ ಗುರುತು ಮೂಡಿತು. ಬೆಂಚಿನ ಮೇಲೆ ಇನ್ನೂ ಮಲಗಿದ್ದ ಬಿಸಿಲನ್ನು, ಅಲ್ಲಿಂದ ಕಿಟಕಿಯನ್ನು ನೋಡಿದರು.

“ಇದನ್ನ ಎಷ್ಟು ದಿನದಿಂದ ಇಲ್ಲಿ ಇಟ್ಟಿದೀರಿ?”

ವೀಣೆಯ ಮೆಟ್ಟಿಲುಗಳನ್ನು ಮೊಳೆ ಹೊಡೆದು ಕೂಡಿಸಿರುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ಆವಾಗ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಕಟ್ಟೆ ಕಟ್ಟಿ, ಅದರ ಮೇಲೆ ಒಂದೊಂದನ್ನೂ ಕಿವಿಯ ಅಂದಾಜಿನಲ್ಲೇ ನಿಲ್ಲಿಸಿರುತ್ತಾರಂತೆ. ಬಿಸಿಲು ತಾಗಿದರೆ ಮೇಣ ಮೆತ್ತಗಾಗುತ್ತದೆ; ಮೇಲೆ ಬೆರಳು ಒತ್ತಿದರೆ ಮೆಟ್ಟಿಲು ಸರಿಯುತ್ತದೆ. ನಮ್ಮ ಗಾಂಧಾರ ಒಂದು ನೂಲಿನಷ್ಟು ಹಿಂದಕ್ಕೆ ಸರಿದಿತ್ತು. ಒಳಕೋಣೆ, ಬಟ್ಟೆಯ ಹೊದಿಕೆ, ಇವು ಭಕ್ತಿಯಲ್ಲ. ಮೇಣ ಕಾಪಾಡುವ ಉಪಾಯ. ದೇವರ ಗೂಡು ಆ ಮನೆಯ ಅತ್ಯಂತ ತಣ್ಣನೆಯ ಮೂಲೆಯಲ್ಲಿತ್ತು, ಅಷ್ಟೇ.

ನಮ್ಮ ವಿಭಾಗದಲ್ಲಿ ಹೊಸಬರು ಸೇರಿದರೆ ಮೊದಲ ದಿನ ನಾನೇ ಹೇಳಿಕೊಡುತ್ತಿದ್ದ ನಿಯಮ ಒಂದಿದೆ. ಮಾಲನ್ನು ತಿರಸ್ಕರಿಸುವ ಮುಂಚೆ ಕೈಯಲ್ಲಿರುವ ಗೇಜು ಸರಿಯಿದೆಯೇ ನೋಡು. ವಾರಕ್ಕೊಮ್ಮೆ ಗೇಜುಗಳನ್ನೆಲ್ಲ ತಣ್ಣನೆಯ ಕೋಣೆಯೊಂದಕ್ಕೆ ಒಯ್ದು ಪರೀಕ್ಷಿಸುತ್ತಿದ್ದೆವು. ತಣ್ಣನೆಯ ಕೋಣೆ ಏಕೆಂದರೆ, ಶಾಖಕ್ಕೆ ಅಳತೆ ಕೆಡುತ್ತದೆ. ಹನ್ನೊಂದು ವರ್ಷ ಇದನ್ನು ಬಾಯಿಪಾಠದಂತೆ ಒಪ್ಪಿಸಿದ್ದ ಮನುಷ್ಯ ನಾನು.

ಲಲಿತಮ್ಮನವರು ಎದ್ದು ಬಾಗಿಲಿಗೆ ಹೋಗಿ ಚೀಟಿಗಳನ್ನು ಓದಿದರು. ಕೆಂಪು ಚೀಟಿಗಳೂ ಒಂದು ಕಡೆ ಇದ್ದವು. ದಾಖಲೆ ಎಸೆಯುವ ಅಭ್ಯಾಸ ನನಗಿರಲಿಲ್ಲ. ಅವನ್ನೂ ಒಂದೊಂದಾಗಿ ತಿರುವಿದರು. ತಿರುಗಿ ಬಂದು ಸುಮಿಯ ಪಕ್ಕ ಕೂತರು.

“ಎಳೀತಿದ್ಯೇನಮ್ಮ?”

“ಹೂಂ ಟೀಚರ್. ಅಲ್ಲಿ ಗ ಇರ್ಲಿಲ್ಲ.”

“ಆಮೇಲೆ ಯಾಕೆ ಬಿಟ್ಟೆ?”

ಸುಮಿ ನೆಲ ನೋಡಿದಳು. “ಅಣ್ಣ ಬೇಡ ಅಂದ್ರು.”

“ಈಗ ಅಲ್ಲಿ ಗ ಇದೆಯಾ?”

ಹುಡುಗಿ ಆ ಮೆಟ್ಟಿಲಿನ ಮೇಲೆ ಬೆರಳಿಟ್ಟು ಮೀಟಿದಳು. ಇನ್ನೊಂದು ಸಲ ಮೀಟಿದಳು. ತಲೆ ಒಂದು ಕಡೆಗೆ ವಾಲಿಸಿ ಕೇಳಿದಳು. “ಗೊತ್ತಾಗ್ತಾ ಇಲ್ಲ ಟೀಚರ್,” ಎಂದಳು.

ಲಲಿತಮ್ಮನವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸ್ವಲ್ಪ ವಾಸಿಯಿತ್ತು. ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಇದನ್ನು ಮುಟ್ಟಬೇಡಿ ಎಂದಷ್ಟೇ ಹೇಳಿ ವೀಣೆಯನ್ನು ತಾವೇ ಒಳಕೋಣೆಗೆ ಒಯ್ದು ಬಟ್ಟೆ ಹೊದಿಸಿದರು.

ಆ ನಾಲ್ಕು ದಿನ ಪಾಳಿಯಲ್ಲಿ ನಾನು ಯಾವ ಮಾಲಿಗೂ ಕೆಂಪು ಚೀಟಿ ಕಟ್ಟಲಿಲ್ಲ. ಮಾಲು ಚೆನ್ನಾಗಿತ್ತು ಎಂದಲ್ಲ. ಒಂದೊಂದನ್ನೂ ಮೂರು ಮೂರು ಸಲ ಅಳೆದು, ಅನುಮಾನ ತೀರದೆ ಪಕ್ಕಕ್ಕೆ ಇಡುತ್ತಿದ್ದೆ. ಮೇಲಿನವರು ಹುಷಾರಿಲ್ಲವೇ ಎಂದು ವಿಚಾರಿಸಿದರು. ಮನೆಯಲ್ಲಿ ನಾಲ್ಕು ಗಂಟೆಯಾದರೆ ಯಾರಿಗೂ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಬಾಗಿಲ ತೋರಣ ಬಿಚ್ಚಿ ಬಚ್ಚಲೊಲೆಗೆ ಹಾಕಿದೆ. ಸುಮಿಗೆ ಏನಾದರೂ ಹೇಳಬೇಕು ಎಂದುಕೊಂಡು ಎರಡು ಸಲ ಹತ್ತಿರ ಹೋದೆ. ಎರಡು ಸಲವೂ ಊಟ ಆಯ್ತಾ ಎಂದು ಕೇಳಿ ವಾಪಸು ಬಂದೆ.

ಭಾನುವಾರ ಲಲಿತಮ್ಮನವರು ಒಂದು ಚೀಲದಲ್ಲಿ ಮೇಣದ ಉಂಡೆ, ಇದ್ದಿಲ ಪುಡಿ, ಚಪ್ಪಟೆಯಾದ ಒಂದು ಕಬ್ಬಿಣದ ತುಂಡು ತಂದರು. ಕಮಲ ಇದ್ದಿಲೊಲೆ ಹೊತ್ತಿಸಿಕೊಟ್ಟಳು. ಮೇಣ ಕರಗಿದ ವಾಸನೆ ಮನೆ ತುಂಬ ಹರಡಿತು, ಜೇನು ಮತ್ತು ಹೊಗೆ ಎರಡೂ ಸೇರಿದ ವಾಸನೆ. ಕಬ್ಬಿಣ ಕಾಯಿಸಿ, ಗಾಂಧಾರದ ಜೊತೆಗೆ ಮೇಣ ಮೆತ್ತಗಾಗಿದ್ದ ಅಕ್ಕಪಕ್ಕದ ಎರಡು ಮೆಟ್ಟಿಲುಗಳ ಬುಡವನ್ನೂ ಸಡಿಲ ಮಾಡಿದರು. ಎರಡನ್ನು ತಾವೇ ಕೂಡಿಸಿದರು. ಗಾಂಧಾರಕ್ಕೆ ಬಂದಾಗ ಕೈ ತಡೆದರು.

“ಇದನ್ನ ನಾನು ಹೇಳಲ್ಲ. ಸರಿಸ್ತಾ ಹೋಗ್ತೀನಿ. ಎಲ್ಲಿ ನಿಲ್ಲಿಸ್ಬೇಕು ಅಂತ ನೀನು ಹೇಳು.”

ಒಂದು ಸಲ ಮೀಟಿದರು. “ಇಲ್ಲೇನಾ?”

ಸುಮಿ ತಲೆ ಎತ್ತಿ ನನ್ನ ಮುಖ ನೋಡಿದಳು. ವೀಣೆಯನ್ನಲ್ಲ, ಟೀಚರನ್ನಲ್ಲ. ಚೂರು ಸರಿಸಿ ಇನ್ನೊಮ್ಮೆ ಮೀಟಿದಾಗಲೂ ನನ್ನನ್ನೇ ನೋಡಿದಳು. ಯಾವ ಬಣ್ಣದ ಚೀಟಿ ಬರುತ್ತದೋ ಎಂದು ಕಾಯುವ ನೋಟ ಅದು. ಆ ನೋಟವನ್ನು ನಾನು ಕಾರ್ಖಾನೆಯಲ್ಲಿ ದಿನವೂ ನೋಡುತ್ತಿದ್ದೆ.

“ಇವ್ರೇ,” ಎಂದರು ಲಲಿತಮ್ಮನವರು, ಮೃದುವಾಗಿಯೇ. “ತಪ್ಪು ತಿಳ್ಕೋಬೇಡಿ. ಸ್ವಲ್ಪ ಹೊತ್ತು ಹೊರಗೆ ಕೂತಿರ್ತೀರಾ?”

ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಎದುರು ಮನೆಯ ಚೆನ್ನಪ್ಪನವರು ಕಾಂಪೌಂಡಿನ ಮೇಲಿಂದ ಬಗ್ಗಿ, “ಏನ್ ಸಾರ್, ಹೊರಗಡೆ?” ಎಂದರು.

“ಒಳಗೆ ಇನ್‌ಸ್ಪೆಕ್ಷನ್ ನಡೀತಿದೆ,” ಎಂದೆ.

ಒಳಗಿನಿಂದ ತಂತಿಯ ನಾದ ಬಂತು. ಆಮೇಲೆ ಮೌನ. ಮತ್ತೆ ನಾದ, ಮತ್ತೆ ಮೌನ. ನನ್ನ ಮಟ್ಟಿಗೆ ಅವೆಲ್ಲ ಒಂದೇ ನಾದ. ನಾನು ಕಾಯುತ್ತಿದ್ದದ್ದು ಆ ಮೌನದಲ್ಲಿ ಯಾರಾದರೂ ಏನಾದರೂ ಹೇಳುತ್ತಾರೆಯೇ ಎಂದು. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ಚೆನ್ನಪ್ಪನವರು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ, ಬಾಗಿಲ ಸಂದಿಯಿಂದ, ಹೆದರಿಕೊಂಡ ಹಾಗೆ ಒಂದು ಮಾತು ಬಂತು.

“ಅಲ್ಲ.”

ತಂತಿ ಮಿಡಿಯಿತು.

“ಅಲ್ಲ.”

ಈ ಸಲ ಅಷ್ಟು ಹೆದರಿಕೆಯಿರಲಿಲ್ಲ. ಮತ್ತೆ ಮಿಡಿಯಿತು, ಮತ್ತೆ ಅಲ್ಲ. ಒಮ್ಮೆ ಲಲಿತಮ್ಮನವರ ಧ್ವನಿ, ಇದೂ ಅಲ್ಲವೇನೇ ಎಂದು ಸುಸ್ತಾಗಿ ಕೇಳಿದ ಹಾಗಿತ್ತು. ಅಲ್ಲ ಟೀಚರ್ ಎಂದಳು ನನ್ನ ಮಗಳು, ಜಗಳಕ್ಕೆ ನಿಂತವಳ ಹಾಗೆ. ಆ ಬೇಸಿಗೆಯಿಡೀ ಅವಳ ಬಾಯಿಂದ ಒಮ್ಮೆಯೂ ಬಾರದ ಆ ಒಂದು ಮಾತನ್ನು ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಎಂಟೋ ಒಂಬತ್ತೋ ಸಲ ಕೇಳಿದೆ.

ಆಮೇಲೆ ಒಂದು ಸಲ ತಂತಿ ಮಿಡಿಯಿತು. ಯಾರೂ ಏನೂ ಹೇಳಲಿಲ್ಲ. ಇನ್ನೊಮ್ಮೆ ಮಿಡಿಯಿತು. ಅದರ ಜೊತೆಯಲ್ಲೇ, ತುಂಬ ಸಣ್ಣಗೆ, ಬಾಯಲ್ಲಿ ಹಾಡಿದ ಒಂದು ಗ. ನಾನು ಕಿವಿಗೊಟ್ಟು ಕೇಳಿದೆ. ಯಾವುದು ತಂತಿ, ಯಾವುದು ಹುಡುಗಿ ಎಂದು ನನಗೆ ತಿಳಿಯಲಿಲ್ಲ.